ಗೂಡು ಕಟ್ಟದ ಜೇನು

ಕೋಗಿಲೆಯು ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆಂಬ ಸಂಗತಿ ನಮ್ಮ ನಾಡಿನಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ತಿಳಿದಿದೆ. ನಮ್ಮ ಪೂರ್ವಿಕರು ಕೋಗಿಲೆಯನ್ನು 'ಪರಭೃತ'ವೆಂದೂ, ಅದರ ಮರಿಯನ್ನು ಸಾಕಿ ಸಲಹುವ ಕಾಗೆಯನ್ನು 'ಪರಭೃತ್' ಎಂದೂ ಕರೆದರು. ಒಂದು ಪರರಿಂದ ಪೋಷಿತವಾದುದು. ಇನ್ನೊಂದು ಪರರನ್ನು ಪೋಷಿಸುವುದು. ಒಂದು ಸ್ವರದ ಅಂತರದಲ್ಲಿ ಜೀವಶಾಸ್ತ್ರದ ಒಂದು ಪಾಠವನ್ನೇ ಅಡಗಿಸಿಟ್ಟಿರುವ ಈ ಹೆಸರುಗಳಲ್ಲಿ ನಿಂದೆಯಿಲ್ಲ, ನೋಟವಿದೆ. ವಸಂತದಲ್ಲಿ ಕೋಗಿಲೆಯ ದನಿ ಕೇಳಿ ಹಿಗ್ಗುವ ನಮ್ಮಲ್ಲಿ ಯಾರೂ ಅದನ್ನು ಕಳ್ಳನೆಂದು ಕಲ್ಲೆಸೆದು ಅಟ್ಟುವುದಿಲ್ಲ.

ಹೀಗೆಯೇ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಜೇನುಗಳೂ ಉಂಟೆಂದರೆ ನಮ್ಮ ತರುಣ ವಾಚಕರಲ್ಲಿ ಅನೇಕರು ಹುಬ್ಬೇರಿಸಬಹುದು. ಜೇನೆಂದರೆ ದುಡಿಮೆ, ಜೇನೆಂದರೆ ಒಗ್ಗಟ್ಟು, ಜೇನೆಂದರೆ ಕೂಡಿಡುವ ಜಾಣ್ಮೆ ಎಂದು ಬಾಲ್ಯದಿಂದಲೂ ನೀತಿಪಾಠಗಳಲ್ಲಿ ಓದಿಕೊಂಡು ಬಂದ ನಮಗೆ ಗೂಡು ಕಟ್ಟದ, ಪರಾಗ ಹೊರದ, ಮರಿಗೆ ಒಂದು ಹನಿ ಆಹಾರವನ್ನೂ ಕೂಡಿಡದ ಜೇನೊಂದಿದೆಯೆಂಬುದು ವಿಚಿತ್ರವಾಗಿಯೇ ತೋರುತ್ತದೆ. ಈ ಲೇಖನದಲ್ಲಿ ಅಂಥ ಒಂದು ಜೇನಿನ ಜೀವನವನ್ನು ತಿಳಿಸುವುದಲ್ಲದೆ, ಅದರ ಪರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂಬುದೂ ನಮ್ಮ ಉದ್ದೇಶವಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳೋಣ. ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಇವು ನಮಗೆ ಪರಿಚಿತವಾದ ಜೇನುಗಳು. ಇವೆಲ್ಲ ಗುಂಪಾಗಿ ಬಾಳುವ ಜಾತಿಗಳು. ಆದರೆ ಭೂಮಂಡಲದಲ್ಲಿ ಈವರೆಗೆ ಹೆಸರು ಪಡೆದ ಸುಮಾರು ೨೦,೦೦೦ ಜೇನುಪ್ರಭೇದಗಳಲ್ಲಿ ಬಹುಪಾಲು ಒಂಟಿಯಾಗಿಯೇ ಬಾಳತಕ್ಕವು. ಅವುಗಳಿಗೆ ರಾಣಿಯಿಲ್ಲ, ಆಳುಗಳಿಲ್ಲ, ಹುಟ್ಟಿಯಿಲ್ಲ, ನಮಗೆ ಕದಿಯಲು ತುಪ್ಪವೂ ಇಲ್ಲ. ಒಬ್ಬಳೇ ತಾಯಿ ತನ್ನ ಗೂಡನ್ನು ತಾನೇ ತೋಡಿ, ಮರಿಗೆ ಬೇಕಾದ ಬುತ್ತಿಯನ್ನು ತಾನೇ ಕಟ್ಟಿಟ್ಟು, ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತಾಳೆ. ಹೀಗೆ ದುಡಿಯುವ ಒಂಟಿ ಜೇನುಗಳ ಬೆನ್ನಿಗೇ ಅವುಗಳ ಗೂಡನ್ನು ನೆಚ್ಚಿಕೊಂಡ ಇನ್ನೊಂದು ಒಂಟಿ ಜೇನಿನ ಸಂತತಿ ಬೆಳೆದುಬಂದಿದೆ. ಕೀಟಶಾಸ್ತ್ರಜ್ಞರು ಇವನ್ನು ಕೋಗಿಲೆ ಜೇನುಗಳೆಂದು ಕರೆಯುತ್ತಾರೆ. ಹೆಸರು ಎಷ್ಟು ಒಪ್ಪುವಂಥದು!

ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತಿನಲ್ಲಿ ಆರ್.ಎಚ್. ಕ್ಯಾಂಪ್ ಎಂಬ ಹೆಸರಿನ ಊರುಗಳಿವೆ. ಒಂದು, ಎರಡು, ಮೂರು ಎಂದು ಅಂಕೆಯಿಂದಲೇ ಅವುಗಳನ್ನು ಗುರುತಿಸುತ್ತಾರೆ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿಕೊಟ್ಟ ನೆಲೆಗಳಿವು, 'ಆರ್.ಎಚ್.' ಎಂಬ ಎರಡು ಅಕ್ಷರಗಳು ಆ ಚರಿತ್ರೆಯ ಗುರುತಾಗಿ ಉಳಿದಿವೆ. ಈ ಕ್ಯಾಂಪುಗಳಲ್ಲೊಂದರಲ್ಲಿ ಕೆಲವು ದಿನ ತಂಗಿದ್ದಾಗ, ಅಂಗಳದ ತುಳಸಿಯ ಹೂಗೊಂಚಲುಗಳ ಮೇಲೆ ಝೇಂಕರಿಸುತ್ತ, ಒಂದು ಹೂವಿನಿಂದ ಇನ್ನೊಂದಕ್ಕೆ ಬಾಣದಂತೆ ಹಾರುತ್ತಿದ್ದ ಒಂದು ಜೇನನ್ನು ನಾವು ನೋಡಿದೆವು. ಹೊಟ್ಟೆಯ ಸುತ್ತ ನೀಲಿಯ ಹೊಳಪುಳ್ಳ ಪಟ್ಟೆಗಳು. ಎದೆಯ ಮೇಲೆ ಕಂದುಬಣ್ಣದ ದಟ್ಟ ರೋಮ. ಇದು ಅಮೆಜಿಲ್ಲ ಕುಲಕ್ಕೆ ಸೇರಿದ ನೀಲಿಪಟ್ಟೆಯ ಜೇನು. ನಮ್ಮ ಕಥೆಯಲ್ಲಿ ಕಾಗೆಯ ಪಾತ್ರ ಇದರದು. ಕೋಗಿಲೆಯ ಪಾತ್ರ ವಹಿಸುವ ಜೇನನ್ನು ಅಲ್ಲಿನ ಗೋಡೆಗಳಲ್ಲಿ, ಕಾಲುವೆಯ ಏರಿಯಲ್ಲಿ, ಹೊಲದ ಬದುಗಳಲ್ಲಿ ಹುಡುಕಿದೆವು. ಆ ದಿನಗಳಲ್ಲಿ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ. ಹಾಗೆ ಕಾಣದೆ ಹೋದುದೇ ಈ ಲೇಖನಕ್ಕೆ ಪ್ರೇರಣೆಯಾಯಿತು.

ನೀಲಿಪಟ್ಟೆಯ ಜೇನಿನ ಸಂಸಾರವನ್ನು ಮೊದಲು ನೋಡೋಣ. ಹೆಣ್ಣು ಮೆದುವಾದ ಒಣ ಮಣ್ಣನ್ನು, ಕೊರಕಲಿನ ದಂಡೆಯನ್ನು ಅಥವಾ ಹಳೆಯ ಮಣ್ಣಿನ ಗೋಡೆಯನ್ನು ಆರಿಸಿ ಬಿಲ ತೋಡುತ್ತದೆ. ಬಿಲದ ಕೊನೆಯಲ್ಲಿ ಚಿಕ್ಕ ಮಡಕೆಯಂಥ ಕೋಣೆ. ಅದರ ಒಳಮೈಗೆ ತನ್ನ ದೇಹದಿಂದ ಸ್ರವಿಸಿದ ಮೇಣದಂಥ ವಸ್ತುವನ್ನು ಸವರಿ ತೇವ ಒಳಸೇರದಂತೆ ಮಾಡುತ್ತದೆ. ಅನಂತರ ಹೂವಿಂದ ಹೂವಿಗೆ ಅಲೆದು ಪರಾಗ ಮಕರಂದಗಳನ್ನು ತಂದು ಕಲಸಿ, ತೆಳುವಾದ ಅಂಬಲಿಯಂಥ ಆಹಾರವನ್ನು ಕೋಣೆಯಲ್ಲಿ ತುಂಬುತ್ತದೆ. ಅದರ ಮೇಲೆ ತೇಲುವಂತೆ ಒಂದೇ ಒಂದು ಮೊಟ್ಟೆಯನ್ನಿಟ್ಟು, ಮಣ್ಣಿನಿಂದ ಬಾಗಿಲು ಮುಚ್ಚಿ, ಮುಂದಿನ ಕೋಣೆಯ ಕೆಲಸಕ್ಕೆ ತೊಡಗುತ್ತದೆ. ತನ್ನ ಮರಿಯ ಮುಖವನ್ನು ಆ ತಾಯಿ ಎಂದೂ ಕಾಣುವುದಿಲ್ಲ.

ಈ ಜೇನು ನಮ್ಮ ಅಡಿಗೆಮನೆಗೂ ಉಪಕಾರಿ. ಬದನೆ, ಟೊಮೆಟೊ ಗಿಡಗಳ ಹೂವಿನಲ್ಲಿ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬೀಳಬೇಕು. ನೀಲಿಪಟ್ಟೆಯ ಜೇನು ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಕಂಪಿಸುತ್ತದೆ. ಉಪ್ಪಿನ ಡಬ್ಬಿಯನ್ನು ಅಲುಗಿಸಿದಾಗ ಉಪ್ಪು ಉದುರುವಂತೆ ಪರಾಗ ಉದುರುತ್ತದೆ. ಹುಟ್ಟಿ ಕಟ್ಟುವ ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬಾರದು. ಬದನೆಯ ಪಲ್ಯವನ್ನು ಸವಿಯುವಾಗ ತುಪ್ಪ ಕೊಡದ ಈ ಜೇನನ್ನೂ ಒಮ್ಮೆ ನೆನೆಯುವುದು ನ್ಯಾಯ.

ಇನ್ನು ಕಥಾನಾಯಿಕೆಯ ಸರದಿ. ಥೈರಿಯಸ್ ಎಂಬ ಕುಲದ ಜೇನುಗಳಲ್ಲಿ ನೂರಕ್ಕೂ ಮಿಕ್ಕಿದ ಪ್ರಭೇದಗಳಿವೆ. ಅವುಗಳಲ್ಲಿ ಹಲವು ಭಾರತದಲ್ಲಿಯೂ ಕರ್ನಾಟಕದಲ್ಲಿಯೂ ಉಂಟು. ೧೮೯೭ರಲ್ಲಿ ಪ್ರಕಟವಾದ ಬಿಂಗ್‌ಹ್ಯಾಮ್ ಎಂಬುವರ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥದಲ್ಲಿ ಇವು ಕ್ರೊಸೈಸ ಎಂಬ ಹಳೆಯ ಹೆಸರಿನಿಂದ ವರ್ಣಿತವಾಗಿವೆ. ಡಚ್ ಕೀಟಶಾಸ್ತ್ರಜ್ಞ ಲೀಫ್ಟಿಂಕ್ ೧೯೬೨ರಲ್ಲಿ ಏಷ್ಯ ಆಸ್ಟ್ರೇಲಿಯಗಳ ಪ್ರಭೇದಗಳನ್ನು ಪರಿಷ್ಕರಿಸಿ ಬರೆದ ಪ್ರಬಂಧವು ಇವುಗಳ ಅಧ್ಯಯನಕ್ಕೆ ಇಂದಿಗೂ ಆಧಾರ. ಒಂದು ಸೆಂಟಿಮೀಟರಿಗಿಂತ ತುಸು ಉದ್ದವಾದ ಕಪ್ಪು ಮೈ. ಅದರ ಮೇಲೆ ಆಕಾಶನೀಲಿಯ, ಕೆಲವು ಪ್ರಭೇದಗಳಲ್ಲಿ ಬಿಳಿಯ, ಚುಕ್ಕೆಗಳು. ಬಿಸಿಲಿನಲ್ಲಿ ಅದು ಹಾರಿದರೆ ಇಜ್ಜಲಿನ ಚೂರಿಗೆ ನೀಲಿಯ ಕಿಡಿಗಳು ಅಂಟಿಕೊಂಡಂತೆ ಕಾಣುತ್ತದೆ. ಮೈಯ ಕವಚ ಬಲು ಗಡುಸು. ಆತಿಥೇಯ ಜೇನು ಕೋಪಗೊಂಡು ಕಚ್ಚಿದರೂ ಕುಟುಕಿದರೂ ತಡೆದುಕೊಳ್ಳಲು ಈ ಕವಚ ಬೇಕು. ಪರಾಗ ಹೊರುವ ಜೇನುಗಳ ಕಾಲಿನ ಮೇಲಿರುವ ರೋಮದ ಕುಂಚವಾಗಲಿ ಬುಟ್ಟಿಯಾಗಲಿ ಇದಕ್ಕಿಲ್ಲ.

ಥೈರಿಯಸ್ ಹೆಣ್ಣು ಮಣ್ಣುಗೋಡೆಯ ಮುಂದೆ ಸದ್ದಿಲ್ಲದೆ ತೇಲುತ್ತ, ಬಿಲದಿಂದ ಬಿಲಕ್ಕೆ ಹಣಿಕಿ ನೋಡುತ್ತ ಸುಳಿಯುತ್ತದೆ. ಮನೆಯೊಡತಿ ಹೊರಗೆ ಹೋದ ಸಮಯವನ್ನು ನೋಡಿಕೊಂಡು ಒಳನುಗ್ಗುತ್ತದೆ. ಅದಕ್ಕೆ ಬೇಕಾದುದು ಮುಚ್ಚಿ ಮುಗಿಸಿದ ಕೋಣೆ. ಬಾಗಿಲಿನ ಮಣ್ಣಿನಲ್ಲಿ ಸಣ್ಣ ರಂಧ್ರ ಕೊರೆದು, ಹೊಟ್ಟೆಯ ತುದಿಯನ್ನು ತೂರಿಸಿ ತನ್ನ ಮೊಟ್ಟೆಯನ್ನಿಟ್ಟು, ಮತ್ತೆ ಮಣ್ಣಿನಿಂದ ರಂಧ್ರವನ್ನು ಮುಚ್ಚಿ ಹೊರಟುಹೋಗುತ್ತದೆ. ಗೂಡು ಕಟ್ಟಲರಿಯದ ಈ ಜೇನು ಒಂದು ಚಿಟಿಕೆ ಮಣ್ಣಿನ ಗಿಲಾವು ಕೆಲಸವನ್ನು ಮಾತ್ರ ಮರೆತಿಲ್ಲ!

ಒಳಗೆ ನಡೆಯುವುದು ಇನ್ನೂ ಘೋರ. ಥೈರಿಯಸ್ ಮೊಟ್ಟೆಯಿಂದ ಹೊರಬಂದ ಎಳೆಯ ಮರಿಹುಳುವಿನ ತಲೆ ಗಡುಸು. ಬಾಯಲ್ಲಿ ಕುಡುಗೋಲಿನಂತೆ ಬಾಗಿದ ಎರಡು ಉದ್ದನೆಯ ದವಡೆಗಳು. ಕೋಣೆಯಲ್ಲಿ ಚಲಿಸಿ, ಆತಿಥೇಯನ ಮೊಟ್ಟೆಯನ್ನೋ ಮರಿಯನ್ನೋ ಇರಿದು ಕೊಲ್ಲುತ್ತದೆ. ಅಲ್ಲಿ ತನ್ನ ಜಾತಿಯದೇ ಇನ್ನೊಂದು ಮರಿಯಿದ್ದರೆ ಅದಕ್ಕೂ ಅದೇ ಗತಿ, ಏಕೆಂದರೆ ಬುತ್ತಿ ಇರುವುದು ಒಂದು ಹೊಟ್ಟೆಗೆ ಮಾತ್ರ. ಪೊರೆ ಕಳಚಿದ ಮೇಲೆ ಆ ಭಯಂಕರ ದವಡೆಗಳು ಮಾಯವಾಗುತ್ತವೆ. ಅಂದಿನಿಂದ ಅದು ಯಾವ ಜೇನಿನ ಮರಿಯಂತೆಯೋ ಹಾಗೆ ಸಾಧುವಾಗಿ ಪರಾಗದ ಅಂಬಲಿಯನ್ನು ಉಂಡು ಬೆಳೆದು, ಕಾಲ ಬಂದಾಗ ನೀಲಿ ಚುಕ್ಕೆಯ ಜೇನಾಗಿ ಗೋಡೆಯನ್ನು ಕೊರೆದು ಹೊರಬರುತ್ತದೆ.

ಈ ಬಾಳುವೆಯ ದಾರಿ ಒಂದೇ ತೆರನಾದುದಲ್ಲ. ಎಲೆಯ ಚೂರುಗಳಿಂದ ಗೂಡು ಹೊದಿಸುವ ಎಲೆಕತ್ತರಿ ಜೇನುಗಳ ಬಳಿ ಸೀಲಿಯಾಕ್ಸಿಸ್ ಎಂಬ ಕೋಗಿಲೆ ಜೇನು ಸುಳಿಯುತ್ತದೆ. ಅದರ ಹೊಟ್ಟೆ ಮೊಳೆಯಂತೆ ಮೊನಚು, ಎಲೆಯ ಪದರಗಳ ನಡುವೆ ಮೊಟ್ಟೆಯನ್ನು ತೂರಿಸಲು ತಕ್ಕುದು. ಸ್ಫೆಕೋಡೀಸ್ ಎಂಬ ಇನ್ನೊಂದು ಕುಲದಲ್ಲಿ ಮರಿಗೆ ಕೊಲ್ಲುವ ಕೆಲಸವೇ ಇಲ್ಲ. ತಾಯಿಯೇ ಆತಿಥೇಯನ ಮೊಟ್ಟೆಯನ್ನು ನಾಶಮಾಡಿ ತನ್ನದನ್ನು ಇಡುತ್ತದೆ. ಜೇನುಗಳ ವಂಶದಲ್ಲಿ ಈ ವೃತ್ತಿ ಒಂದು ಸಲವಲ್ಲ, ಬೇರೆಬೇರೆ ಶಾಖೆಗಳಲ್ಲಿ ಹಲವು ಸಲ ಹುಟ್ಟಿಕೊಂಡಿದೆ.

೧೮೫೯ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಸಹಜಪ್ರವೃತ್ತಿಯನ್ನು ಚರ್ಚಿಸುತ್ತ ಡಾರ್ವಿನ್ ಮಹಾಶಯನು ಕೋಗಿಲೆಯ ಜೊತೆಗೆ ಈ ಜೇನುಗಳನ್ನೂ ಎತ್ತಿಕೊಂಡಿದ್ದಾನೆ. ಆತನ ದೃಷ್ಟಿಯಲ್ಲಿ ಜೇನುಗಳ ಉದಾಹರಣೆಯು ಕೋಗಿಲೆಯದಕ್ಕಿಂತ ಹೆಚ್ಚು ವಿಸ್ಮಯಕರ. ಏಕೆಂದರೆ ಇಲ್ಲಿ ಪ್ರವೃತ್ತಿಯಷ್ಟೇ ಅಲ್ಲ, ಶರೀರದ ರಚನೆಯೂ ಬದಲಾಗಿದೆ. ಪರಾಗ ಹೊರುವ ಸಾಧನ ಅಳಿಸಿಹೋಗಿದೆ. ನಾವು ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಅಳಿದುದು ಮಾತ್ರವಲ್ಲ, ಹೊಸದಾಗಿ ಬಂದುದೂ ಉಂಟು. ಒಂಟಿ ಜೇನಿನ ಪ್ರತಿಯೊಂದು ಅಂಡಾಶಯದಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಅಂಡನಾಳಗಳಿದ್ದರೆ, ಅನೇಕ ಕೋಗಿಲೆ ಜೇನುಗಳಲ್ಲಿ ಅವು ಹೆಚ್ಚು. ಮೊಟ್ಟೆಗಳು ಗಾತ್ರದಲ್ಲಿ ಚಿಕ್ಕವು, ಸಂಖ್ಯೆಯಲ್ಲಿ ಅಧಿಕ. ಬಾಗಿಲು ಯಾವಾಗ ತೆರೆದೀತೆಂದು ತಿಳಿಯದವರು ಮೊಟ್ಟೆಯನ್ನು ಸಿದ್ಧವಾಗಿಟ್ಟುಕೊಂಡಿರಬೇಕಷ್ಟೆ. ದಿನವಿಡೀ ಹುಡುಕುವುದು, ಕಾಯುವುದು, ಕಾದಾಡುವುದು, ಬರಿಗೈಯಲ್ಲಿ ಹಿಂದಿರುಗುವುದು ಇವೆಲ್ಲ ಸೋಮಾರಿಯ ಲಕ್ಷಣಗಳೆಂದು ಹೇಳಲು ನಮಗೆ ನಾಲಗೆ ಏಳುವುದಿಲ್ಲ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಈ ಜೇನು ಏಕೆ ವಿರಳ? ಲೆಕ್ಕ ಸರಳವಾಗಿದೆ. ಸಂತೆಯಲ್ಲಿ ಕೊಳ್ಳುವವರ ಸಂಖ್ಯೆ ಮಾರಾಟಕ್ಕೆ ಬಂದ ಕಾಳನ್ನು ಮೀರಲಾರದು. ಹಾಗೆಯೇ ಆತಿಥೇಯನ ಕೋಣೆಗಳ ಸಂಖ್ಯೆಯನ್ನು ಅತಿಥಿಯ ಸಂಖ್ಯೆ ಮೀರಲಾರದು. ಎಣಿಕೆಯ ಸೌಕರ್ಯಕ್ಕಾಗಿ ಒಂದು ಗೋಡೆಯಲ್ಲಿ ನೂರು ಕೋಣೆಗಳಿವೆಯೆಂದು ಇಟ್ಟುಕೊಳ್ಳಿ. ಹತ್ತರಲ್ಲಿ ಕೋಗಿಲೆ ಜೇನಿನ ಮರಿ ಬೆಳೆದರೆ ತೊಂಬತ್ತು ನೀಲಿಪಟ್ಟೆಯವು ಉಳಿಯುತ್ತವೆ. ಎರಡು ಸಂಸಾರಗಳೂ ಮುಂದುವರಿಯುತ್ತವೆ. ತೊಂಬತ್ತರಲ್ಲಿ ಬೆಳೆದರೆ ಮುಂದಿನ ವರ್ಷ ಗೂಡು ತೋಡುವವರೇ ಇಲ್ಲದೆ ಕೋಗಿಲೆ ಜೇನುಗಳೂ ಅಳಿಯುತ್ತವೆ. ಹೀಗಾಗಿ ಪರಭೃತವು ಯಾವಾಗಲೂ ಆತಿಥೇಯನ ನೆರಳಿನಂತೆ, ಅದಕ್ಕಿಂತ ಚಿಕ್ಕದಾಗಿಯೇ ಇರಬೇಕು. ಆತಿಥೇಯನ ಸಂಖ್ಯೆ ಅರ್ಧಕ್ಕಿಳಿದರೆ ಆ ಜೇನು ಉಳಿದೀತು. ಆದರೆ ಮೊದಲೇ ಬೆರಳೆಣಿಕೆಯಷ್ಟಿದ್ದ ಅತಿಥಿಯು ಆ ಸ್ಥಳದಿಂದ ಮಾಯವಾದೀತು. ಕೆಟ್ಟ ಕಾಲದಲ್ಲಿ ಮೊದಲು ಹೋಗುವುದು ಅದೇ. ಒಳ್ಳೆಯ ಕಾಲದಲ್ಲಿ ಕೊನೆಗೆ ಹಿಂದಿರುಗುವುದೂ ಅದೇ.

ಉತ್ತರ ಅಮೆರಿಕದ ಒಂದು ನಿದರ್ಶನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಲೈಸಿಮ್ಯಾಕಿಯ ಎಂಬ ಗಿಡದ ಹೂವು ಮಕರಂದದ ಬದಲು ಎಣ್ಣೆಯನ್ನು ಕೊಡುತ್ತದೆ. ಆ ಎಣ್ಣೆಯನ್ನು ಮ್ಯಾಕ್ರೊಪಿಸ್ ಎಂಬ ಒಂಟಿ ಜೇನು ಒಯ್ದು ಮರಿಗೆ ಉಣಿಸುತ್ತದೆ. ಆ ಜೇನಿನ ಗೂಡನ್ನು ನೆಚ್ಚಿದ ಕೋಗಿಲೆ ಜೇನು ಎಪಿಯೊಲಾಯ್ಡೀಸ್. ಹೂವು, ಎಣ್ಣೆಜೇನು, ಕೋಗಿಲೆ ಜೇನು ಹೀಗೆ ಮೂರು ಕೊಂಡಿಗಳ ಸರಪಳಿ. ಈ ಮೂರನೆಯ ಕೊಂಡಿ ದಶಕಗಳ ಕಾಲ ಯಾರಿಗೂ ಕಾಣಿಸದೆ, ಅಳಿದೇ ಹೋಯಿತೇನೋ ಎಂಬ ಶಂಕೆಗೆ ಎಡೆಯಾಗಿತ್ತು. ೨೦೦೨ರಲ್ಲಿ ಕೆನಡಾದ ನೋವ ಸ್ಕೋಶಿಯದಲ್ಲಿ ಅದು ಮತ್ತೆ ದೊರೆತಾಗ, ಒಂದು ಹುಳು ಸಿಕ್ಕಿತೆಂಬುದಕ್ಕಿಂತ ಆ ನೆಲದಲ್ಲಿ ಮೂರು ಕೊಂಡಿಗಳೂ ಇನ್ನೂ ಕಳಚಿಲ್ಲವೆಂಬ ಸುದ್ದಿಯೇ ವಿಜ್ಞಾನಿಗಳಿಗೆ ಹೆಚ್ಚಿನದಾಗಿತ್ತು. ೨೦೧೩ರಲ್ಲಿ ಕೆನಡಾದ ಸಂಶೋಧಕರು ಇದೇ ತರ್ಕವನ್ನು ವಿಸ್ತರಿಸಿ, ಒಂದು ಪ್ರದೇಶದ ಜೇನುಸಮುದಾಯದ ಆರೋಗ್ಯವನ್ನು ಅಳೆಯಲು ಕೋಗಿಲೆ ಜೇನುಗಳನ್ನೇ ಸೂಚಕಗಳಾಗಿ ಬಳಸಬಹುದೆಂದು ವಾದಿಸಿದರು. ವೈದ್ಯನು ನಾಡಿಯನ್ನು ಹಿಡಿದು ಇಡೀ ದೇಹದ ಸ್ಥಿತಿಯನ್ನು ಊಹಿಸುವಂತೆ, ಈ ಒಂದು ಜೇನನ್ನು ಕಂಡು ಕಾಣದ ಹತ್ತನ್ನು ಊಹಿಸಬಹುದು.

ಸಿಂಧನೂರಿನ ಸೀಮೆಗೆ ಈ ಮಾತನ್ನು ಅನ್ವಯಿಸಿ ನೋಡೋಣ. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಬರುವ ಮೊದಲು ಇದು ಜೋಳ, ಸಜ್ಜೆ, ಹತ್ತಿ, ತೊಗರಿಗಳ ಎರೆನಾಡು. ಇಂದು ಕಾಲುವೆಯ ಕೆಳಗೆ ಕಣ್ಣು ಹಾಯುವಷ್ಟು ದೂರ ಭತ್ತ. ಈ ಬದಲಾವಣೆಯು ಬರಗಾಲದ ಸೀಮೆಗೆ ಅನ್ನ ಕೊಟ್ಟಿತೆಂಬುದನ್ನು ಮರೆಯುವುದು ಕೃತಘ್ನತೆ. ಆದರೆ ನೀರು ನಿಂತ ಗದ್ದೆಯ ತಳದಲ್ಲಿ ನೆಲಗೂಡಿನ ಜೇನಿಗೆ ಸ್ಥಳವಿಲ್ಲ. ಭತ್ತದ ತೆನೆ ಜೇನಿಗೆ ಮಕರಂದ ಕೊಡುವುದಿಲ್ಲ. ಆದ್ದರಿಂದ ಒಂಟಿ ಜೇನುಗಳ ಪಾಲಿಗೆ ಉಳಿದಿರುವುದು ಬದು, ಕಾಲುವೆಯ ಏರಿ, ಹಿತ್ತಲು ಮತ್ತು ಮನೆಯ ಗೋಡೆ. ಬದುವಿನ ತುಂಬೆ ತಂಗಡಿಗಳನ್ನು ಕಳೆಯೆಂದು ಕಳೆನಾಶಕದಿಂದ ಸುಟ್ಟರೆ ಊಟ ಹೋಯಿತು. ಹಳೆಯ ಮಣ್ಣಿನ ಮಾಳಿಗೆಮನೆಗಳು ಹೋಗಿ ಸಿಮೆಂಟಿನ ಗೋಡೆಗಳು ಎದ್ದರೆ ವಸತಿ ಹೋಯಿತು. ಹೂವಿನ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದರೆ ಜೀವವೇ ಹೋಯಿತು. ಐರೋಪ್ಯ ಒಕ್ಕೂಟವು ೨೦೧೮ರಲ್ಲಿ ಮೂರು ನಿಯೊನಿಕೊಟಿನಾಯ್ಡ್ ಕೀಟನಾಶಕಗಳನ್ನು ಬಯಲಿನ ಬೆಳೆಗಳಿಗೆ ಬಳಸಬಾರದೆಂದು ನಿಷೇಧಿಸಿದುದು ಜೇನುಗಳ ಮೇಲಣ ಕನಿಕರದಿಂದ ಮಾತ್ರವಲ್ಲ. ಪರಾಗಸ್ಪರ್ಶ ನಿಂತರೆ ತೋಟ ಬರಡಾಗುವುದೆಂಬ ಲೆಕ್ಕಾಚಾರದಿಂದಲೂ ಹೌದು.

ನಮ್ಮ ದೇಶದಲ್ಲಿಯೂ ಜೇನುಗಳ ಬಗೆಗೆ ಉತ್ಸಾಹವಿಲ್ಲದಿಲ್ಲ. ೨೦೨೦ರಲ್ಲಿ ಕೇಂದ್ರ ಸರ್ಕಾರವು ಜೇನುಸಾಕಣೆ ಮತ್ತು ಜೇನುತುಪ್ಪದ ರಾಷ್ಟ್ರೀಯ ಯೋಜನೆಗೆ ೫೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಸಂತೋಷದ ಸಂಗತಿಯೇ. ಆದರೆ ಪೆಟ್ಟಿಗೆಯಲ್ಲಿ ಸಾಕಬಹುದಾದ, ತುಪ್ಪ ಕೊಡುವ ಕೆಲವೇ ಜಾತಿಗಳನ್ನು 'ಜೇನು' ಎಂದು ತಿಳಿದು, ಉಳಿದ ಸಾವಿರಾರು ಜಾತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಹಸುವೊಂದನ್ನೇ ಪ್ರಾಣಿಯೆಂದು ತಿಳಿದಂತೆ. ಪೆಟ್ಟಿಗೆಯನ್ನು ಕೊಂಡು ತರಬಹುದು. ಮಣ್ಣುಗೋಡೆಯ ಜೇನನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅದಕ್ಕೆ ಬೇಕಾದುದು ಹಣವಲ್ಲ. ನಾವು ಕೈಹಚ್ಚದೆ ಬಿಟ್ಟ ಒಂದು ತುಂಡು ನೆಲ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಪ್ರಶ್ನಿಸಬಹುದು: "ನೀಲಿಪಟ್ಟೆಯ ಜೇನು ಬದನೆಗೆ ಉಪಕಾರಿ ಎಂದಿರಿ. ಅದರ ಮರಿಯನ್ನು ಕೊಲ್ಲುವ ಜೇನನ್ನೂ ಕಾಪಾಡಿರೆನ್ನುತ್ತೀರಿ. ಇದು ವಿರೋಧವಲ್ಲವೇ?" ಪ್ರಶ್ನೆ ಯೋಗ್ಯವಾದುದೇ. ಕೋಗಿಲೆ ಜೇನಿನಿಂದ ಬದನೆಯ ಇಳುವರಿ ಹೆಚ್ಚುತ್ತದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿ ಅದರ ಪರ ವಾದಿಸುವ ಆಶೆಯೂ ನಮಗಿಲ್ಲ. ನಾವು ಹೇಳುವುದಿಷ್ಟು. ನೀಲಿಪಟ್ಟೆಯ ಜೇನನ್ನು ಒಂದು ಸೀಮೆಯಿಂದ ಅಳಿಸಬಲ್ಲವರು ನಾವು, ಕೋಗಿಲೆ ಜೇನಲ್ಲ. ಅವೆರಡೂ ಮನುಷ್ಯನಿಗಿಂತ ಬಹು ಹಿಂದಿನಿಂದ ಜೊತೆಯಾಗಿ ಬಾಳಿಕೊಂಡು ಬಂದಿವೆ. ಕೋಗಿಲೆ ಜೇನು ಸುಳಿಯುವ ಗೋಡೆಯಲ್ಲಿ ಅದನ್ನು ಪೋಷಿಸಿ ಮಿಗುವಷ್ಟು ನೀಲಿಪಟ್ಟೆಯ ಸಂಸಾರಗಳಿವೆಯೆಂದೇ ಅರ್ಥ. ಆದುದರಿಂದ ಅದು ಕಾಣಿಸಿದರೆ ರೈತನು ಚಿಂತಿಸಬೇಕಾದುದಿಲ್ಲ. ಕಾಣಿಸದೆ ಹೋದರೆ ಚಿಂತಿಸಬೇಕು. ಇದರ ಮೇಲೆ, ನಮಗೆ ಪ್ರಯೋಜನವಿದ್ದರೆ ಮಾತ್ರ ಬದುಕಲು ಅಪ್ಪಣೆಯೆಂಬ ಕಟ್ಟಳೆಯನ್ನು ಸೃಷ್ಟಿಗೆ ವಿಧಿಸಲು ನಾವು ಯಾರು?

ಮತ್ತೊಂದು ವಿಷಯವನ್ನು ಹೇಳದೆ ಬಿಡಲು ಮನಸ್ಸೊಪ್ಪುವುದಿಲ್ಲ. 'ಪರಾವಲಂಬಿ', 'ಪರೋಪಜೀವಿ' ಎಂಬ ಶಬ್ದಗಳು ಪ್ರಯೋಗಶಾಲೆಯಿಂದ ಬೀದಿಗಿಳಿದು ಬೈಗುಳಗಳಾಗಿವೆ. ಹೊರಗಿನಿಂದ ಬಂದು ನೆಲೆಸಿದವರನ್ನು ಕಂಡಾಗ ಲೋಕದ ಬಾಯಲ್ಲಿ ಇಂಥ ಶಬ್ದಗಳು ಸುಲಭವಾಗಿ ಹೊರಡುತ್ತವೆ. ವಿಜ್ಞಾನದ ವಿದ್ಯಾರ್ಥಿಗಳು ಈ ತಪ್ಪಿಗೆ ಎಂದೂ ಕೈಯೊಡ್ಡಬಾರದು. ಮೊದಲನೆಯದಾಗಿ, ಕೀಟದ ಬಾಳಿನಿಂದ ಮನುಷ್ಯನ ನೀತಿಯನ್ನು ಹಿಂಡಿ ತೆಗೆಯುವುದು ಶಾಸ್ತ್ರವಲ್ಲ. ಕುಡುಗೋಲಿನ ದವಡೆಯ ಮರಿಹುಳುವು ಆ ದವಡೆಯನ್ನು ತಾನಾಗಿ ಆರಿಸಿಕೊಂಡಿಲ್ಲ; ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಎರಡನೆಯದಾಗಿ, ಹೋಲಿಕೆಯೇ ಸುಳ್ಳು. ಕೋಗಿಲೆ ಜೇನು ಗೂಡು ಕಟ್ಟುವುದಿಲ್ಲ. ಆರ್.ಎಚ್. ಕ್ಯಾಂಪುಗಳ ಜನರು ಹುಟ್ಟಿದ ಊರನ್ನು ಕಳೆದುಕೊಂಡು ಬಂದು, ಭಾಷೆಯರಿಯದ ಸೀಮೆಯಲ್ಲಿ ನೆಲವನ್ನು ಹದಮಾಡಿ, ಮನೆ ಕಟ್ಟಿ, ಬೆಳೆ ತೆಗೆದರು. ಜೇನುಗಳಲ್ಲಿ ಹೋಲಿಕೆ ಹುಡುಕಲೇಬೇಕೆಂದರೆ ಅವರು ನೀಲಿಪಟ್ಟೆಯವರು. ಆದರೆ ಹೋಲಿಕೆಯನ್ನೇ ಬಿಡುವುದು ಒಳ್ಳೆಯದು. ಮನುಷ್ಯನನ್ನು ಮನುಷ್ಯನೆಂದೂ, ಜೇನನ್ನು ಜೇನೆಂದೂ ನೋಡಲು ಕಲಿತವನೇ ನಿಜವಾದ ವಿಜ್ಞಾನಿ.

ಕ್ಯಾಂಪಿನ ಮಕ್ಕಳು ಮನೆಯಲ್ಲಿ 'ಕೋಕಿಲ್' ಎಂದರೆ ಶಾಲೆಯಲ್ಲಿ 'ಕೋಗಿಲೆ' ಎನ್ನುತ್ತಾರೆ. ಎರಡು ಮಾತಿಗೂ ಹಕ್ಕಿ ಒಂದೇ. ಅವರ ಹಿರಿಯರ ಪೂರ್ವ ಬಂಗಾಳವು ಕೀಟಲೋಕಕ್ಕೆ ಒಬ್ಬ ಅಪೂರ್ವ ವೀಕ್ಷಕನನ್ನು ಕೊಟ್ಟಿದೆಯೆಂಬುದನ್ನು ಅವರೂ ನಾವೂ ತಿಳಿದಿರಬೇಕು. ೧೮೯೫ರಲ್ಲಿ ಫರೀದಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಜನಿಸಿದ ಗೋಪಾಲಚಂದ್ರ ಭಟ್ಟಾಚಾರ್ಯರು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಮುಂದೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರ ವಿಜ್ಞಾನಮಂದಿರವನ್ನು ಸೇರಿ, ಇರುವೆ ಜೇಡಗಳ ನಡೆವಳಿಕೆಯನ್ನು ತಾಳ್ಮೆಯಿಂದ ನೋಡಿ, ಕಂಡುದನ್ನು ತಾಯಿನುಡಿಯಲ್ಲಿ ಬರೆದರು. ಬಂಗಾಳದ ಕೀಟಪತಂಗಗಳನ್ನು ಕುರಿತ ಅವರ ಪುಸ್ತಕಕ್ಕೆ ೧೯೭೫ರಲ್ಲಿ ರವೀಂದ್ರ ಪುರಸ್ಕಾರ ದೊರೆಯಿತು. ಅವರ ಮುಖ್ಯ ಉಪಕರಣ ಎರಡು ಕಣ್ಣು ಮತ್ತು ಒಂದು ಟಿಪ್ಪಣಿ ಪುಸ್ತಕ. ಆ ಉಪಕರಣಗಳು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿಯೂ ಇವೆ.

ಹಾಗಾದರೆ ಏನು ಮಾಡಬೇಕು? ನಮ್ಮ ಸೂಚನೆ ದೊಡ್ಡದೇನಲ್ಲ. ಪ್ರತಿಯೊಂದು ಶಾಲೆ ಕಾಲೇಜಿನ ಆವರಣದಲ್ಲಿ, ಪ್ರತಿಯೊಂದು ಕ್ಯಾಂಪಿನ ಒಂದು ಮೂಲೆಯಲ್ಲಿ, ಮಳೆಗೆ ಕರಗದಂತೆ ಮೇಲೊಂದು ಮಾಡು ಹೊದಿಸಿದ ಆಳೆತ್ತರದ ಮಣ್ಣಿನ ಗೋಡೆಯನ್ನು ಕಟ್ಟಿ ಬಿಡಲಿ. ಸುತ್ತ ತುಳಸಿ, ತುಂಬೆ, ಬದನೆಗಳನ್ನು ನೆಡಲಿ. ಬದುವಿನ ಒಂದು ಪಾಲನ್ನಾದರೂ ಅಗೆಯದೆ, ಸುಡದೆ, ಔಷಧಿ ಹೊಡೆಯದೆ ಉಳಿಸಲಿ. ಅನಂತರ ನೋಡುವ ಕೆಲಸ. ಯಾವ ದಿನ, ಯಾವ ಹೊತ್ತು, ಯಾವ ಹೂವು, ಯಾವ ಬಿಲ, ಎಷ್ಟು ನೀಲಿಪಟ್ಟೆಯ ಜೇನುಗಳು ಎಂಬುದನ್ನು ಬರೆದಿಡಬೇಕು. ಹುಳುವನ್ನು ಹಿಡಿದು ಸೂಜಿ ಚುಚ್ಚುವ ಅಗತ್ಯವಿಲ್ಲ. ಸಂಜೆಯ ಹೊತ್ತು ಒಣಕಡ್ಡಿಗಳನ್ನು ಪರೀಕ್ಷಿಸುವುದು ಇನ್ನೂ ಸ್ವಾರಸ್ಯಕರ. ಗೂಡಿಲ್ಲದ ಕೋಗಿಲೆ ಜೇನುಗಳೂ, ನೀಲಿಪಟ್ಟೆಯ ಗಂಡುಗಳೂ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಗಾಳಿಗೆ ತೂಗುತ್ತ ನಿದ್ರಿಸುತ್ತವೆ. ಕರೆಯದ ಅತಿಥಿಯೂ ಆತಿಥೇಯನೂ ಹಗಲಿನ ಹಗೆಯನ್ನು ಮರೆತಂತೆ ಹೀಗೆ ನಿದ್ರಿಸುವುದನ್ನು ಒಮ್ಮೆ ಕಂಡವರು ಮರೆಯಲಾರರು. ಬರೆದ ಟಿಪ್ಪಣಿಗಳನ್ನು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರಿಗೆ ತೋರಿಸಿದರೆ ಅವುಗಳ ಬೆಲೆ ಇಮ್ಮಡಿಯಾಗುತ್ತದೆ.

ಮೊದಲ ವರ್ಷ ಕೋಗಿಲೆ ಜೇನು ಬಾರದಿರಬಹುದು. ಎರಡನೆಯ ವರ್ಷವೂ ಬಾರದಿರಬಹುದು. ನೀಲಿಪಟ್ಟೆಯ ಸಂಸಾರಗಳು ಬೆಳೆದು ನಿಂತ ಮೇಲೆಯೇ ಅದು ಬರತಕ್ಕುದು. ಬಾರದ ವರ್ಷದಲ್ಲಿಯೂ 'ಕಾಣಲಿಲ್ಲ' ಎಂದು ತಾರೀಖು ಹಾಕಿ ಬರೆದಿಡುವುದು ಕಂಡುದನ್ನು ಬರೆಯುವಷ್ಟೇ ಮುಖ್ಯ. ಬರೆಯದಿದ್ದರೆ, ಒಂದು ಜೀವಿ ಒಂದು ಸೀಮೆಯಿಂದ ಯಾವಾಗ ಹೊರಟುಹೋಯಿತೆಂದು ಹೇಳುವವರೇ ಇಲ್ಲವಾಗುತ್ತಾರೆ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವು ಎರಡು ಸಾವಿರ ವರ್ಷಗಳಿಗೂ ಮಿಕ್ಕು ಬಿಸಿಲು ಮಳೆಗಳನ್ನು ಸಹಿಸಿಕೊಂಡು ನಿಂತಿತ್ತು. ದನ ಕಾಯುವವರು, ಕಟ್ಟಿಗೆ ಆಯುವವರು ಅದರ ಪಕ್ಕದಲ್ಲಿಯೇ ನಡೆದುಹೋದರು. ೧೯೧೫ರಲ್ಲಿ ಅದು ವಿದ್ವಾಂಸರ ಕಣ್ಣಿಗೆ ಬಿದ್ದಾಗ ಚರಿತ್ರೆಯ ಒಂದು ದೊಡ್ಡ ಸಂದೇಹ ಪರಿಹಾರವಾಯಿತು. ಕಲ್ಲಿನ ಬರಹ ಅಷ್ಟು ಕಾಲ ಕಾಯಬಲ್ಲದು. ಮಣ್ಣುಗೋಡೆಯ ಮೇಲೆ ನೀಲಿ ಚುಕ್ಕೆಗಳಲ್ಲಿ ಬರೆದ ಬರಹಕ್ಕೆ ಅಷ್ಟು ಕಾಲಾವಕಾಶವಿಲ್ಲ. ನಮ್ಮ ತರುಣ ವಾಚಕರು ಅದನ್ನು ಬೇಗನೆ ಓದತೊಡಗಲಿ.